ಷರಾ

ಮೊದಲು ನಾನು ಕಂಡದ್ದು ಹಕ್ಕಿಯನ್ನಲ್ಲ.
ಮತ್ತಿಮರದ ತೊಗಟೆಯದೊಂದು ಚಕ್ಕೆ
ತನ್ನಷ್ಟಕ್ಕೆ ತಾನು ಮೇಲಕ್ಕೆ ಹೋಯಿತು.

ಚಕ್ಕೆ ಉದುರುವುದು ಗೊತ್ತು.
ನಲವತ್ತು ದಿನದಿಂದ ಅದೇ ನನ್ನ ಕೂಲಿ:
ಎದೆಮಟ್ಟದಲ್ಲಿ ಮಚ್ಚಿನಿಂದ ಹೆರೆದು
ಅಂಗೈಯಗಲ ನುಣ್ಣಗೆ ಮಾಡಿ
ಬಿಳಿ ಬಳಿದು, ಬಿಳಿಯ ಮೇಲೆ ಕೆಂಪು ನಂಬರು.
ಹತ್ತುವ ಚಕ್ಕೆ ಕಂಡಿರಲಿಲ್ಲ.

ಸಂಡೂರಿನ ಈ ಗುಡ್ಡದ ಓರೆಯಲ್ಲಿ
ಕೆಳಗೆ ಲಾರಿ ಹೋದಾಗಲೆಲ್ಲ ಮೇಲೆ ಧೂಳು ಏಳುತ್ತದೆ.
ಎಲೆ ಕೆಂಪು, ಕಲ್ಲು ಕೆಂಪು, ಕೆಮ್ಮಿದರೆ ಕರವಸ್ತ್ರ ಕೆಂಪು,
ಬುತ್ತಿ ಬಿಚ್ಚಿದರೆ ರೊಟ್ಟಿಯ ಅಂಚೂ.
ಹಕ್ಕಿಯ ಬೆನ್ನಿನ ಚುಕ್ಕೆಗಳಷ್ಟೇ ಬಿಳಿ,
ಈಗಷ್ಟೇ ಹಾಕಿ ಮುಗಿಸಿದ ಹೊಲಿಗೆಯ ಹಾಗೆ.

ಬಣ್ಣದ ಡಬ್ಬಿ ಹೊತ್ತ ಜಮಲೀಬಾಯಿ
ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು:
"ನಮ್ಮ ಹುಸೇನಪೀರನ ಟೇಪು ಇದು.
ಆದರ ಅವನು ಒಂದು ಸುತ್ತು ಹಾಕಿ ನಿಲ್ತಾನ,
ಇದು ಸುತ್ತಳತೀನೂ ತಗೊಂತತಿ, ಎತ್ತರಾನೂ ತಗೊಂತತಿ."
ಹುಸೇನಪೀರ ನಗಲಿಲ್ಲ.
ಟೇಪಿನ ಮೊದಲ ಹತ್ತು ಸೆಂಟಿಮೀಟರು ಹರಿದುಹೋಗಿ
ಪ್ರತಿ ಮರಕ್ಕೂ ಹತ್ತು ಕಳೆದು ಕೂಗುವುದು ಅವನ ಪಾಡು.

ಬುಡದಿಂದ ಶುರು.
ಬಾಗಿದ ದಬ್ಬಣದಂಥ ಕೊಕ್ಕು,
ಬಿರುಕಿಗೆ ಇಳಿಸುವುದು, ಎಳೆಯುವುದು, ನುಂಗುವುದು,
ಮತ್ತೆ ಎರಡು ಕುಪ್ಪಳ ಮೇಲೆ.
ಕವಲಿಗೆ ಮುಟ್ಟಿದ್ದೇ
ಕೈಜಾರಿದ ಚೀಟಿಯಂತೆ ತೇಲಿ ಕೆಳಗೆ,
ಪಕ್ಕದ ತೂಬರೆಯ ಬುಡಕ್ಕೆ.
ಹತ್ತಿ ಇಳಿಯುವುದು ಅದಕ್ಕೆ ಬಾರದು.
ಪ್ರತಿ ಮರಕ್ಕೂ ಮತ್ತೆ ಒಂದರಿಂದ ಎಣಿಕೆ.

ಆ ತೂಬರೆಗೆ ಹೋದ ವಾರ ನಾನೇ ಬರೆದ ಅಂಕಿ,
ಆರುನೂರ ಹನ್ನೊಂದು.
ಹಕ್ಕಿ ಅದರ ಕೆಳಗಿನ ಅಂಚಿಗೆ ಬಂತು.
ಕಾಲಿಟ್ಟಿತು, ಜಾರಿತು.
ಇನ್ನೊಮ್ಮೆ ಇಟ್ಟಿತು.
ತಲೆ ಓರೆ ಮಾಡಿ ಆರನ್ನು ನೋಡಿತೋ ನನ್ನನ್ನು ನೋಡಿತೋ,
ಹಿಂದಿನಿಂದ ಸುತ್ತಿ ಮೇಲೆ ಹೋಯಿತು.

ಆ ಅಂಗೈಯಗಲ
ಅದರ ಪಾಲಿಗೆ ಮರವೇ ಅಲ್ಲ.

ನನ್ನ ಕಾಲಬಳಿ ಅವತ್ತು ಹೆರೆದ ಚಕ್ಕೆಗಳ ರಾಶಿ.
ಒಂದನ್ನು ಮಗುಚಿದೆ:
ಒಳಮೈಗೆ ಜೇಡನ ಬಿಳಿ ಚೀಲ,
ಅಕ್ಕಿಕಾಳಿನಷ್ಟು, ಇನ್ನೂ ಬಿಗಿಯಾಗಿ.
ಏನು ಮಾಡಬೇಕೋ ತೋಚದೆ
ಬಿರುಕಿಗೆ ಸಿಕ್ಕಿಸಿದೆ. ನಿಲ್ಲಲಿಲ್ಲ.

ಮರುದಿನದಿಂದ ಹೆರೆಯಲಿಲ್ಲ.
ಮಚ್ಚು ಮೊಂಡಾಗೈತಿ ಅಂದೆ ಗಾರ್ಡು ಎರ್ರಿಸ್ವಾಮಿಗೆ.
ಮೊಂಡಾದದ್ದೂ ನಿಜವೇ.
ಒರಟಿನ ಮೇಲೇ ಬಳಿದೆ, ಒರಟಿನ ಮೇಲೇ ಬರೆದೆ.
ಎಂಟರ ಹೊಟ್ಟೆ ಒಡೆಯಿತು,
ನಾಲ್ಕರ ಮೊಣಕೈ ಮುರಿಯಿತು,
ಏಳರ ಕತ್ತು ಬಿರುಕಿನೊಳಗೆ ಮುಳುಗಿತು.
ಬಣ್ಣ ಎರಡರಷ್ಟು ಹಿಡಿಯಿತು;
ಜಮಲೀಬಾಯಿ ಡಬ್ಬಿಗೆ ಸೀಮೆಎಣ್ಣೆ ಸುರಿದು ತಿಳಿ ಮಾಡಿದಳು,
ಯಾಕಂತ ಕೇಳಲಿಲ್ಲ.

ಮೂರನೇ ದಿನ ಎರ್ರಿಸ್ವಾಮಿ
ಪುಸ್ತಕ ಬಿಚ್ಚಿ ಮತ್ತಿಮರದ ಮುಂದೆ ನಿಂತ.
"ಇದೇನಲೇ, ಒಂದೋ ಏಳೋ?"
"ಏಳು, ಸಾರ್. ಸಾವಿರದ ನೂರಾ ನಲವತ್ತೇಳು."
"ನೀನು ಓದಿದರಾತೇನು?
ನಿನ್ನ ಹಿಂದ ಬರೋರು ಓದಬೇಕಲ್ಲ."

ಹಿಂದೆ ಬರುವವರ ಕೈಯಲ್ಲಿ ಏನಿರುತ್ತದೆಂದು
ನಾಲ್ವರಿಗೂ ಗೊತ್ತಿತ್ತು.
ಯಾರೂ ಅದರ ಹೆಸರೆತ್ತಲಿಲ್ಲ.
ಕೆಳಗೆ ಒಂದು ಲಾರಿ ಗೇರು ಬದಲಿಸಿತು.

ಅಷ್ಟರಲ್ಲಿ ಬಂತು, ಬುಡದಿಂದ.
ಏಳರ ಕಾಲು ಹಿಡಿದು ಹತ್ತಿತು,
ಕತ್ತು ಮುಳುಗಿದ ಜಾಗದಲ್ಲಿ ನಿಂತು
ಬಿರುಕಿಗೆ ಕೊಕ್ಕಿಳಿಸಿ ಏನನ್ನೋ ಎಳೆಯಿತು.
ಕೊಕ್ಕಿನ ತುದಿಗೆ ಚೂರು ಕೆಂಪು.
ಬಣ್ಣವೋ, ಅದಿರೋ.
ಎರ್ರಿಸ್ವಾಮಿ ಕನ್ನಡಕ ಹಣೆಗೇರಿಸಿ
ಅದು ಕವಲು ಮುಟ್ಟುವವರೆಗೂ ನೋಡಿದ.
ನೋಡಿದ್ದನ್ನು ಬರೆಯಲು ಪುಸ್ತಕದಲ್ಲಿ ಮನೆಯಿಲ್ಲ:
ಜಾತಿ, ಸುತ್ತಳತೆ, ಎತ್ತರ, ಕೊನೆಗೆ ಷರಾ.

"ಒಂದು ಮೀಟರು ಹದಿನಾರು," ಕೂಗಿದ ಹುಸೇನಪೀರ,
ಹತ್ತು ಕಳೆದು.

ಪೆನ್ನಿನ ಶಾಯಿ ಬರಲಿಲ್ಲ. ಅಂಗೈಗೆ ಗೀಚಿ ನೋಡಿ
ಷರಾದ ಮನೆಯಲ್ಲಿ ಬರೆದ,
"ಅಂಕಿ ಅಸ್ಪಷ್ಟ."